ಬರೀ ನೀರೂ ಬೆಳ್ಳಗಾಯಿತು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಧುಗಿರಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಮಿಸ್ಟ್ರಿ ಟ್ಯೂಷನ್ ಹೇಳುವ ಹೆಂಗಸಿಗೆ ಅಷ್ಟು ಕೋಪ ಇರಲೇಬೇಕು ಕಣ್ರೀ ಎಂದು ನಾನೂ ಬೀಗುತ್ತಿದ್ದೆ. ಸೆಕೆಂಡ್ ಪಿಯುಸಿ ಮಕ್ಕಳು, ಅದರಲ್ಲೂ ಪರೀಕ್ಷೆಗೆ ಮುಂಚಿನ ತಿಂಗಳು, ಗದರದೆ ಇದ್ದರೆ ದಾರಿಗೆ ಬರುತ್ತಾರೆಯೇ? ನನ್ನ ಈ ಜಂಬವನ್ನು ಒಂದು ಭಾನುವಾರ ಪಾವಗಡದಲ್ಲಿ ಒಬ್ಬ ಹುಡುಗಿ ಒಂದೇ ಒಂದು ಟೆಸ್ಟ್ ಟ್ಯೂಬು ಹಿಡಿದು ಇಳಿಸಿಬಿಟ್ಟಳು.

ವಾರದ ದಿನಗಳಲ್ಲಿ ಪಾಠ ನಮ್ಮ ಮನೆಯ ಜಗುಲಿಯಲ್ಲೇ. ಶಿರಾ, ಕೊರಟಗೆರೆ ಕಡೆಯ ಮಕ್ಕಳು ಕಾಲೇಜು ಮುಗಿಸಿ ಬಸ್ಸು ಹಿಡಿದು ಬರುತ್ತಿದ್ದರು. ಪಾವಗಡದವರಿಗೆ ಅದು ಆಗದ ಮಾತು, ಹಿಂದಿರುಗಲು ಬಸ್ಸು ಸಿಗುವುದಿಲ್ಲ. ಹಾಗಾಗಿ ಭಾನುವಾರ ನಾನೇ ಹೋಗುತ್ತಿದ್ದೆ. ಮೊದಲ ಬಸ್ಸು, ತೊಡೆಯ ಮೇಲೆ ಹಳೆ ಸೀರೆಯಲ್ಲಿ ಸುತ್ತಿದ ಟೆಸ್ಟ್ ಟ್ಯೂಬುಗಳು, ಕಾಲ ಬಳಿ ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್ ಕ್ಯಾನು.

ಕಂಡಕ್ಟರ್‌ಗೆ ಆ ಕ್ಯಾನು ಕಂಡರೆ ನಗು. "ಏನ್ ಮೇಡಂ, ಇವತ್ತೂ ನೀರು ಹೊತ್ಕಂಡ್ ಹೊಂಟ್ರಾ? ಪಾವಗಡದಾಗೆ ನೀರಿಲ್ವಾ?"

"ಐತೆ ಕಣಪ್ಪ, ನಿನ್ ತಲೆ ಇದ್ದಂಗೆ ಗಡಸು ನೀರು," ಎನ್ನುತ್ತಿದ್ದೆ. ಬಾಯಲ್ಲಿ ಅಷ್ಟು ಜಾಣತನ ಇತ್ತು.

ಪಾವಗಡದಲ್ಲಿ ನಮಗೆ ಸಿಕ್ಕಿದ್ದು ಕಡಲೆಕಾಯಿ ಗೋಡೌನಿನ ಪಕ್ಕದ ಒಂದು ಕೋಣೆ. ಪುಸ್ತಕ ತೆರೆದರೂ ಕಡಲೆಕಾಯಿ ವಾಸನೆ, ಮುಚ್ಚಿದರೂ ಅದೇ. ಆರು ಜನ ಮಕ್ಕಳು. ಅವರಲ್ಲಿ ರಾಯಚರ್ಲಿನಿಂದ ಬರುತ್ತಿದ್ದ ಹುಡುಗಿಯದೇ ನನಗೆ ಚಿಂತೆ. ಸಮೀಕರಣ ಬರೆ ಎಂದರೆ ಪೆನ್ನು ಕಚ್ಚುತ್ತಾ ಕೂರುತ್ತಿದ್ದಳು. ಪ್ರಿಪರೇಟರಿ ಪರೀಕ್ಷೆಯಲ್ಲಿ ಕೆಮಿಸ್ಟ್ರಿ ಡುಮ್ಕಿ ಹೊಡೆದಿದ್ದಳು. ಆದರೆ ಟೆಸ್ಟ್ ಟ್ಯೂಬು ಕೊಟ್ಟರೆ ಬೇರೆಯೇ ಹುಡುಗಿ! ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಪ್ರಾಕ್ಟಿಕಲ್‌ನಲ್ಲಿ ಒಳ್ಳೆಯ ಅಂಕ ಬಂದರೆ ಹೇಗೋ ದಡ ಸೇರುತ್ತಾಳೆ ಎಂಬುದು ನನ್ನ ಆಸೆಯಾಗಿತ್ತು.

ಅವಳ ಅಮ್ಮ ಒಂದು ಸಲ ಬಂದಿದ್ದರು. ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ ಕೆಲಸ ಅವರದು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡೇ ಬಾಗಿಲಲ್ಲಿ ನಿಂತರು. ಕೂರಿ ಎಂದರೂ ಕೂರಲಿಲ್ಲ.

"ನೋಡಮ್ಮಾ, ಓದು ಗೀದು ನಂಗ್ ತಿಳೀದು. ಈ ಕೆಮಿಸ್ಟ್ರಿ ಪಾಸಾದ್ರೆ ಮುಂದಕ್ಕೆ ಓದ್ಲಿ. ಇಲ್ಲಾಂದ್ರೆ ನನ್ ಜೊತೆ ಪ್ಯಾನಲ್ ತೊಳೆಯಾಕೆ ಬತ್ತಾಳೆ. ಮೇಸ್ತ್ರಿ ತಾವ ಹೆಸ್ರು ಬರ್ಸಿದೀನಿ. ಅಷ್ಟೇನಮ್ಮಾ."

ಕೆಟ್ಟ ತಾಯಿಯ ಮಾತಲ್ಲ ಅದು. ಕೈಯಲ್ಲಿ ಇರುವ ಕೆಲಸವನ್ನು ಮಗಳಿಗೆ ಕಾದಿರಿಸಿದ್ದರು, ಅಷ್ಟೇ. ಹುಡುಗಿ ಮಾತ್ರ ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದಳು.

ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ವಾರವಿತ್ತು. ಅಂದು ಉಪ್ಪಿನ ಪರೀಕ್ಷೆಯ ತಾಲೀಮು. ಒಂದು ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ, ಅದರಲ್ಲಿ ಏನಿದೆ ಎಂದು ಪತ್ತೆ ಹಚ್ಚಬೇಕು. ಪುಡಿಯನ್ನು ನೀರಿನಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ಒಡೆದ ಹಾಲಿನಂತೆ ಬೆಳ್ಳಗಾದರೆ ಕ್ಲೋರೈಡ್ ಇದೆ ಎಂದು ಅರ್ಥ. ಇದಕ್ಕೆ ಮುಂಚೆ ಗಟ್ಟಿ ಆಸಿಡ್ ಹಾಕಿ ಹೊಗೆ ಬರುತ್ತದೋ ನೋಡುವ ಪರೀಕ್ಷೆಯೂ ಉಂಟು. ಗೋಡೌನಿನ ಪಕ್ಕ ಅಂಥ ಆಸಿಡ್ ಇಡಲು ನನಗೆ ಧೈರ್ಯ ಸಾಲದು. ಹಾಗಾಗಿ ಆಸಿಡ್ಡಿನದು ಬಾಯಿಪಾಠ, ಸಿಲ್ವರ್ ನೈಟ್ರೇಟಿನದು ಮಾತ್ರ ಕೈಪಾಠ.

ಆ ಬೆಳಿಗ್ಗೆ ಯಾವುದೋ ಹಂಪಿನಲ್ಲಿ ಬಸ್ಸು ಎಗರಿ ನನ್ನ ಕ್ಯಾನಿನ ಮುಚ್ಚಳ ಹಾರಿಹೋಯಿತು. ಬಸ್ಸೆಲ್ಲ ನೀರು, ಕಂಡಕ್ಟರನ ಬೈಗುಳ ಬೇರೆ. ಕೋಣೆಗೆ ಹೋದರೆ ಮೂಲೆಯಲ್ಲಿ ಕೈ ತೊಳೆಯಲು ಇಟ್ಟಿದ್ದ ನೀಲಿ ಡ್ರಮ್ಮು, ಅದರ ತುಂಬ ಬೋರ್‌ವೆಲ್ ನೀರು. ಒಂದು ದಿನಕ್ಕೆ ಏನಾಗುತ್ತದೆ ಬಿಡು ಎಂದುಕೊಂಡು ಅದನ್ನೇ ಬಾಟಲಿಗಳಿಗೆ ತುಂಬಿಸಿದೆ. ಆರು ಪೊಟ್ಟಣ ಹಂಚಿದೆ. ಕ್ಲೋರೈಡ್ ಇದ್ದದ್ದು ಒಂದರಲ್ಲಿ ಮಾತ್ರ, ಉಳಿದವೆಲ್ಲ ಸಲ್ಫೇಟ್, ನೈಟ್ರೇಟ್.

ಎಲ್ಲರಿಗಿಂತ ಮೊದಲು ಉತ್ತರ ಬರೆದಿಟ್ಟವಳು ರಾಯಚರ್ಲಿನ ಹುಡುಗಿ. ಕ್ಲೋರೈಡ್. ಎರಡನೆಯವನದು ನೋಡಿದೆ, ಕ್ಲೋರೈಡ್. ಮೂರನೆಯದೂ ಅದೇ. ಆರಕ್ಕೆ ಆರೂ ಕ್ಲೋರೈಡ್! ನನ್ನ ತಲೆಗೆ ರಕ್ತ ಏರಿತು.

"ಕಾಪಿ! ಎಲ್ಲಾ ಕಾಪಿ! ಇವಳೊಬ್ಬಳು ಬರೆದಳು, ಕುರಿ ಹಿಂಡಿನ ಹಾಗೆ ನೀವೂ ಹಳ್ಳಕ್ಕೆ ಬಿದ್ರಾ?"

ಹುಡುಗಿ ಎದ್ದು ನಿಂತಳು. "ಯಾರೂ ಕಾಪಿ ಹೊಡ್ದಿಲ್ಲ ಮೇಡಂ. ಬೆಳ್ಳಗೆ ಬಂತು, ಬರ್ದೆ."

"ಬೆಳ್ಳಗೆ ಬಂತಂತೆ! ನಿನಗೆ ಕೊಟ್ಟಿದ್ದು ಪೊಟ್ಯಾಸಿಯಂ ನೈಟ್ರೇಟು. ಅದಕ್ಕೆ ಬಿಳುಪು ಎಲ್ಲಿಂದ ಬರ್ತದೆ, ನಿಮ್ಮಜ್ಜಿ ತಲೆಯಿಂದಾ?"

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. "ನಡಿ ಆಚೆ. ನಿಮ್ಮಮ್ಮನ ಜೊತೆ ಪ್ಯಾನಲ್ ತೊಳೆಯೋಕೇ ಲಾಯಕ್ಕು ನೀನು," ಎಂದುಬಿಟ್ಟೆ.

ಅವಳು ಅಳಲಿಲ್ಲ. ಒಂದು ಖಾಲಿ ಟೆಸ್ಟ್ ಟ್ಯೂಬು, ನೀರಿನ ಬಾಟಲಿ, ಸಿಲ್ವರ್ ನೈಟ್ರೇಟಿನ ಚಿಕ್ಕ ಕಂದು ಸೀಸೆ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಎರಡು ನಿಮಿಷವೂ ಆಗಿರಲಿಲ್ಲ, ವಾಪಸ್ ಬಂದು ಟ್ಯೂಬನ್ನು ನನ್ನ ಕಣ್ಣೆದುರು ಹಿಡಿದಳು. ಬೆಳ್ಳಗಿತ್ತು.

"ಇದ್ರಾಗೆ ಏನೈತೆ ಹೇಳಿ ಮೇಡಂ."

"ಕ್ಲೋರೈಡು. ಇನ್ನೇನು?"

"ಉಪ್ಪೇ ಆಕಿಲ್ಲ ಮೇಡಂ. ಬರೀ ನೀರು."

ಅಯ್ಯೋ ನನ್ನ ಕರ್ಮವೇ! ಡ್ರಮ್ಮಿನ ಹತ್ತಿರ ಓಡಿದೆ. ಹೊಸ ಟ್ಯೂಬು, ಹೊಸ ನೀರು, ಎರಡು ಹನಿ. ಬೆಳ್ಳಗಾಯಿತು. ಇನ್ನೊಂದು. ಮತ್ತೆ ಬೆಳ್ಳಗೆ! ಪಾವಗಡದ ನೆಲದಾಳದ ನೀರಿನಲ್ಲಿ ಕರಗಿದ್ದ ಉಪ್ಪೆಲ್ಲ ನನ್ನನ್ನು ನೋಡಿ ನಗುತ್ತಿತ್ತು. ಮಕ್ಕಳ ಉತ್ತರ ಒಂದೂ ತಪ್ಪಿರಲಿಲ್ಲ. ಕ್ಲೋರೈಡ್ ಇತ್ತು, ನಾನು ಕೊಟ್ಟ ಪುಡಿಯಲ್ಲಲ್ಲ, ನಾನೇ ತುಂಬಿಸಿದ ನೀರಿನಲ್ಲಿ.

"ನಿನಗೆ ಹೆಂಗೆ ಹೊಳೀತೇ ಇದು?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಮ್ಮ ಮಾಡ್ತಾಳಲ್ಲ ಮೇಡಂ. ಪ್ಯಾನಲ್‌ಗೆ ಬೋರ್ ನೀರು ಆಕಂಗಿಲ್ಲ, ಒಣಗಿದ್ರೆ ಬೆಳ್ಳಗೆ ಕಲೆ ಕುಂತ್ಬುಡ್ತದೆ. ಫಿಲ್ಟರ್ ನೀರು ಟ್ಯಾಂಕರ್‌ನಾಗೆ ಬತ್ತದೆ. ಅದ್ನೂ ಅಮ್ಮ ನಂಬಲ್ಲ. ಗಾಜಿನ್ ಮೂಲೆಗೆ ಒಂದು ಹನಿ ಬುಟ್ಟು, ಒಣಗಿಸಿ ನೋಡಿ, ಆಮೇಲೇ ಕೆಲ್ಸ. ಕಲೆ ಬಂದ್ರೆ ಟ್ಯಾಂಕರ್ ವಾಪಸ್. ಮೊದ್ಲು ನೀರ್ನೇ ನೋಡ್ಬೇಕು ಅಂತಾಳೆ."

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ದಿನಕ್ಕೆ ಹತ್ತು ಸಲ ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಬ್ಲಾಂಕ್ ಟೆಸ್ಟ್, ಅಂದರೆ ಪುಡಿ ಹಾಕುವ ಮುಂಚೆ ಬರೀ ನೀರನ್ನೇ ಪರೀಕ್ಷಿಸುವುದು, ಬಿ.ಎಸ್ಸಿ.ಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಸೈನ್ಸ್ ಓದದ ಒಬ್ಬ ಹೆಂಗಸು ಅದನ್ನು ದಿನಾ ಬೆಳಿಗ್ಗೆ ಮಾಡುತ್ತಿದ್ದಳು. ಅವಳ ಕೆಲಸವನ್ನೇ ನಾನು ಬೈಗುಳ ಮಾಡಿಕೊಂಡಿದ್ದೆ. ನನಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಕುಣಿಯುವಷ್ಟು ಸಂತೋಷವೂ ಆಯಿತು. ಎಲ್ಲರೆದುರು, "ತಪ್ಪಾಯ್ತು ಕಣಮ್ಮ, ಆ ಮಾತು ಆಡಬಾರದಿತ್ತು," ಎಂದೆ.

ಅವಳು ತಲೆ ತಗ್ಗಿಸಿ, "ಬುಡಿ ಮೇಡಂ," ಎಂದಳು. ಹಿಂದಿನಿಂದ ಒಬ್ಬ, "ಅಂಗಾರೆ ನಮ್ಗೆಲ್ಲಾ ಪಾಸಾ ಮೇಡಂ?" ಎಂದ. ಕೋಣೆಯೆಲ್ಲ ನಗು.

ಮುಂದಿನ ವಾರವಿಡೀ ನನಗೆ ಜ್ವರ ಬಂದಂತಹ ಉತ್ಸಾಹ. ಮಧುಗಿರಿಯ ಜಗುಲಿಯಲ್ಲೂ ಅದೇ ಮಾತು. ಎಲ್ಲರೂ ಮನೆಯ ನೀರು ತನ್ನಿ ಎಂದೆ. ತಂದರು ನೋಡಿ! ಕಳ್ಳಂಬೆಳ್ಳದಿಂದ ಕೆರೆ ನೀರು, ತೋವಿನಕೆರೆಯಿಂದ ತೋಟದ ಬೋರ್ ನೀರು, ಯಾರೋ ಪುಣ್ಯಾತ್ಮ ಫ್ರಿಜ್ಜಿನಲ್ಲಿ ಕರಗಿದ ಮಂಜನ್ನೂ ತಂದಿದ್ದ. ಸಾಲಾಗಿ ಟ್ಯೂಬು ನಿಲ್ಲಿಸಿ ಹನಿ ಹಾಕುವುದು, ಯಾರ ಊರಿನದು ಎಷ್ಟು ಬೆಳ್ಳಗಾಯಿತು ಎಂದು ಕೂಗಾಡುವುದು. "ಲೇ, ನಿಮ್ಮೂರ್ ನೀರು ಮೊಸ್ರು ಕಣ್ಲಾ!" "ನಿಮ್ದೇನು ಕಮ್ಮಿ, ಮಜ್ಜಿಗೆ!" ಎಲ್ಲರ ಬೆರಳಿಗೂ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ. ಓಟಿನ ಶಾಯಿಯಲ್ಲೂ ಇದೇ ಇರುವುದು ಎಂದಾಗ, ಇನ್ನೂ ಓಟಿಲ್ಲದ ಮಕ್ಕಳೆಲ್ಲ ಬೆರಳೆತ್ತಿ ತೋರಿಸಿಕೊಂಡರು. ಪಕ್ಕದ ಮನೆಯ ಅಜ್ಜಿ ಬಂದು, "ಏನಮ್ಮಾ, ಪಾಠಾನೋ ಜಾತ್ರೇನೋ?" ಎಂದು ಕೇಳಿಹೋದರು. ಸೀಸೆ ಖಾಲಿಯಾಯಿತು. ಹಾಗೆ ಪಾಠ ಮಾಡಿದ ವಾರ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಪ್ರಾಕ್ಟಿಕಲ್ ದಿನ ನಾನು ಕೆಲಸ ಬಿಟ್ಟು ಪಾವಗಡಕ್ಕೆ ಹೋದೆ. ಪರೀಕ್ಷೆ ನಡೆಯುತ್ತಿದ್ದ ಕಾಲೇಜಿನ ಗೇಟಿನ ಎದುರು ಎರಡು ಟೀ ಕುಡಿದೆ, ಮೂರನೆಯದು ಕೈಯಲ್ಲಿ ಆರಿಹೋಯಿತು. ಇವಳೊಬ್ಬಳು ಪಾಸಾಗಲಪ್ಪ ಎಂದು ಮನೆದೇವರಿಗೆ ಕೈ ಮುಗಿದೆ. ಕೊನೆಗೆ ಅವಳು ಹೊರಗೆ ಬಂದಳು, ಓಡಿಕೊಂಡೇ.

"ಮೇಡಂ, ಅಲ್ಲೂ ಅಂಗೇ ಆಯ್ತು!"

ಉಸಿರು ಬಿಡದೆ ಹೇಳಿದಳು. ಅವಳಿಗೆ ಬಂದ ಪುಡಿಗೆ ಆಸಿಡ್ ಹಾಕಿದರೆ ಹೊಗೆ ಬರಲಿಲ್ಲ, ಅಂದರೆ ಕ್ಲೋರೈಡ್ ಅಲ್ಲ. ಸಿಲ್ವರ್ ನೈಟ್ರೇಟ್ ಹಾಕಿದರೆ ಬೆಳ್ಳಗಾಯಿತು, ಅಂದರೆ ಕ್ಲೋರೈಡ್. ಯಾವುದನ್ನು ನಂಬುವುದು? ಪಕ್ಕದವರೆಲ್ಲ ಕ್ಲೋರೈಡ್ ಎಂದು ಬರೆಯತೊಡಗಿದ್ದರು. ಇವಳು ಬರೀ ನೀರು ತೆಗೆದುಕೊಂಡು ಹನಿ ಹಾಕಿದಳು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು, "ಏನಮ್ಮಾ ಅದು, ನೀರಲ್ಲಿ ಆಟ ಆಡ್ತಿದೀಯಾ?" ಎಂದು ಗದರಿದರಂತೆ. ಇವಳು ಟ್ಯೂಬು ಎತ್ತಿ ತೋರಿಸಿದಳು. ವಿಚಾರಿಸಿದರೆ, ಡಿಸ್ಟಿಲ್ಡ್ ವಾಟರ್ ಮುಗಿದಿದ್ದರಿಂದ ಯಾರೋ ನಲ್ಲಿ ನೀರು ತುಂಬಿಸಿದ್ದರು. ಪರೀಕ್ಷಕರು ಪರೀಕ್ಷೆ ನಿಲ್ಲಿಸಿ, ಹೊಸ ಕ್ಯಾನು ತರಿಸಿ, ಎಲ್ಲರಿಗೂ ಅರ್ಧ ಗಂಟೆ ಹೆಚ್ಚು ಕೊಟ್ಟರು. ಇವಳ ಪುಡಿ ಸಲ್ಫೇಟು. ಸರಿಯಾಗಿ ಹೇಳಿ ಬಂದಿದ್ದಳು.

"ವೈವಾದಾಗೆ ಒಂದೇ ಪ್ರಶ್ನೆ ಮೇಡಂ. ಮೊದಲು ನೀರು ನೋಡ್ಬೇಕು ಅಂತ ನಿಂಗೆ ಯಾರು ಕಲ್ಸಿದ್ದು ಅಂತ."

"ಏನಂದೆ?" ನಾನು ಸೆರಗು ಸರಿಮಾಡಿಕೊಂಡೆ.

"ನಮ್ಮಮ್ಮ ಅಂದೆ. ಅಮ್ಮ ಟೀಚರಾ ಅಂದ್ರು. ಇಲ್ಲ ಸಾರ್, ಪ್ಯಾನಲ್ ತೊಳೀತಾಳೆ ಅಂದೆ."

ಒಂದು ಕ್ಷಣ ಅಸೂಯೆಯಾಯಿತು, ಸುಳ್ಳೇಕೆ ಹೇಳಲಿ. ವರ್ಷವಿಡೀ ಬಸ್ಸಿನಲ್ಲಿ ನೀರು ಹೊತ್ತವಳು ನಾನು! ಆಮೇಲೆ ರಸ್ತೆಯಲ್ಲೇ ಅವಳನ್ನು ತಬ್ಬಿಕೊಂಡುಬಿಟ್ಟೆ.

ಥಿಯರಿ ಬರೆದು, ಫಲಿತಾಂಶ ಬಂದು, ಅವಳು ಕೆಮಿಸ್ಟ್ರಿಯಲ್ಲಿ ಪಾಸಾದದ್ದು ಎಷ್ಟೋ ದಿನಗಳ ಮೇಲೆ. ಆದರೆ ನನಗೆ ಕಿವಿಯಲ್ಲಿ ಉಳಿದಿರುವುದು ಆ ಪ್ರಾಕ್ಟಿಕಲ್ ದಿನದ ಸಂಜೆ ಬಂದ ಫೋನು. ಅವಳ ಅಮ್ಮ.

"ಏಮಮ್ಮಾ, ನಿಜಾನಾ? ಸಾಹೇಬ್ರ ಮುಂದೆ ನನ್ ಹೆಸ್ರು ಹೇಳಿದ್ಳಂತೆ?"

"ನಿಜ ಕಣಮ್ಮ. ನೀವೇ ಕಲಿಸಿದ್ದು ಅಂದ್ಲಂತೆ."

"ಮೇಸ್ತ್ರಿ ತಾವ ಹೋಗಿದ್ದೆ. ಅವಳ್ ಹೆಸ್ರು ತೆಗೆಸ್ಬುಟ್ಟೆ."

ನನಗೆ ಗಾಬರಿಯಾಯಿತು. "ಅಲ್ಲಮ್ಮಾ, ಇನ್ನೂ ಥಿಯರಿ ಇದೆ, ರಿಸಲ್ಟ್ ಬರಬೇಕು..."

"ಅವಳ್ದು ಬಂದಾಗ ಬರ್ಲಿ ಬುಡಮ್ಮಾ," ಎಂದರು ಆಕೆ. "ನಂದು ಇವತ್ತೇ ಬಂತು."