ಎಕ್ಸ್‌ರೇ ಕೋಣೆಯ ಅಕ್ಕನ ಉಸಿರು

ಅಕ್ಕನನ್ನು ಮೊದಲು ಕಂಡದ್ದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ. ಅಲ್ಲಿಯ ದಾಖಲೆ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು; ಸೇರುವ ಮುನ್ನ ಎದೆಯ ಎಕ್ಸ್‌ರೇ ಆಗಬೇಕೆಂದರು. ಅಂಗಿ ಬಿಚ್ಚಿ ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಂತೆ. ಎಕ್ಸ್‌ರೇ ತೆಗೆಯುವ ಅಕ್ಕ ನನ್ನ ಗದ್ದ ಎತ್ತಿ, ಭುಜ ಸರಿಪಡಿಸಿ, ಮರೆಯ ಹಿಂದೆ ಹೋಗಿ, "ಉಸಿರು ಎಳ್ಕೊಳ್ಳಿ, ಹಿಡಿರಿ" ಎಂದರು. ಹಿಡಿದೆ. ಯಂತ್ರ ಸದ್ದು ಮಾಡಿತು. ಬಿಡಿ ಎನ್ನುವ ಮಾತು ಮಾತ್ರ ಬರಲಿಲ್ಲ. ಕಣ್ಣು ಕತ್ತಲೆ ಬರುವತನಕ ಕಾದು ತಿರುಗಿದರೆ, ಅವರು ಗೋಡೆಗೆ ಒರಗಿದ್ದರು. ಮುಖ ಬಿಳಿಚಿತ್ತು. ಬಾಯಿ ತೆರೆದಿದ್ದರೂ ಗಾಳಿ ಒಳಗೆ ಹೋಗುವಂತೆ ಕಾಣಲಿಲ್ಲ.

ಡಾಕ್ಟರನ್ನು ಕರೆಯಲು ಹೊರಟವನ ತೋಳು ಹಿಡಿದರು. ಸ್ವಲ್ಪ ಸುಧಾರಿಸಿಕೊಂಡು, "ಯಾರ ಹತ್ರನೂ ಹೇಳ್ಬೇಡ ತಮ್ಮಾ" ಎಂದರು.

ಉಳಿದದ್ದು ಆಮೇಲೆ ತಿಳಿಯಿತು. ರೋಗಿಯ ಜೊತೆ ನೀನೂ ಉಸಿರು ಹಿಡಿ, ನಿನಗೆ ಸಾಕಾದಾಗ ಅವನನ್ನೂ ಬಿಡು ಎಂದು ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರಂತೆ. ದಿನವಿಡೀ ಹಾಗೆ ಹಿಡಿದು ಹಿಡಿದು, ಒಂದು ದಿನ ಹಿಡಿದದ್ದು ಬಿಡಲೇ ಇಲ್ಲ. ಹೊರಗೆ ಗುಟ್ಟಾಗಿ ತೋರಿಸಿಕೊಂಡರೆ, ಹೃದಯ ಸರಿಯಾಗಿದೆ, ಇದು ಗಾಬರಿ ಎಂದರು ಡಾಕ್ಟರು. ಅದೇ ಅವರಿಗೆ ದೊಡ್ಡ ಅವಮಾನ. ಕಾಯಿಲೆಯಾದರೆ ಹೇಳಿಕೊಳ್ಳಬಹುದು, ಗಾಬರಿಯನ್ನು ಯಾವ ಬಾಯಲ್ಲಿ ಹೇಳುವುದು?

ಅವರ ದೊಡ್ಡಕ್ಕ ಅಲ್ಲೇ ವಾರ್ಡಿನಲ್ಲಿ ನರ್ಸು. ಬಂದ ಗಾಬರಿಯನ್ನು ಓಡಿಸಲು ಹೋಗದೆ, ಉಸಿರು ಹೇಗೆ ಬರುತ್ತದೋ ಹಾಗೇ ನೋಡುತ್ತ ಕೂರು ಎಂದು ಆಕೆ ಹೇಳುತ್ತಲೇ ಇದ್ದರು. ಅಕ್ಕ ಕೂರುತ್ತಿದ್ದರು, ಆದರೆ ತಮ್ಮ ಉಸಿರಿಗೇ ಗದರಿಸುತ್ತ. "ಊರಿಗೆಲ್ಲ ಬಿಡಿ ಬಿಡಿ ಅಂತೀಯ, ನಿನ್ನನ್ನ ಮಾತ್ರ ಬಿಡಲ್ವಲ್ಲೇ" ಎಂದು ದೊಡ್ಡಕ್ಕ ಕಿಚಾಯಿಸುತ್ತಿದ್ದರು.

ಈ ನಡುವೆ ಫಿಲ್ಮುಗಳು ಮಸುಕಾಗತೊಡಗಿದವು. ಅಕ್ಕ ಗುಂಡಿ ಒತ್ತುವುದು ತಡವಾಗಿ, ಅಷ್ಟರಲ್ಲಿ ರೋಗಿ ಉಸಿರು ಬಿಟ್ಟಿರುತ್ತಿದ್ದ. ಇನ್ನೊಂದು ಕೆಟ್ಟರೆ ಚೀಟಿ ಕೊಡುವ ಕಿಟಕಿಗೆ ಕಳಿಸುತ್ತೇನೆಂದರು ವಿಭಾಗದ ಮುಖ್ಯಸ್ಥರು. ಆ ಕೋಣೆ ಬಿಟ್ಟರೆ ಅಕ್ಕನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಫಿಲ್ಮಿನ ಕವರುಗಳನ್ನು ದಾಖಲೆಗೆ ಒಯ್ಯಲು ಹೋಗಿದ್ದೆ. ಮುಖ್ಯಸ್ಥರು ಪರೀಕ್ಷೆಗೆಂದೇ ಬಂದು ಬಾಗಿಲಲ್ಲಿ ನಿಂತಿದ್ದರು. ಹಲಗೆಯ ಮುಂದೆ ಏದುಸಿರು ಬಿಡುವ ಒಬ್ಬ ಅಜ್ಜ. ಅಕ್ಕನ ಬೆರಳು ಗುಂಡಿಯ ಮೇಲಿತ್ತು, ಇನ್ನೊಂದು ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅದು ಬಂತೆಂದು ನನಗೆ ಗೊತ್ತಾಯಿತು. ಈಗ ಒತ್ತಿದರೆ ಫಿಲ್ಮು ಕೆಡುತ್ತದೆ. ಒತ್ತದಿದ್ದರೆ ಮುಖ್ಯಸ್ಥರು ಕಾರಣ ಕೇಳುತ್ತಾರೆ.

ಅಕ್ಕ ಬೆರಳು ತೆಗೆದು ಮರೆಯಿಂದ ಹೊರಬಂದರು.

"ಅಜ್ಜಾ, ನನಗೆ ಎದೆ ಬಿಗಿದಿದೆ. ಆಗಾಗ ಹೀಗಾಗುತ್ತೆ, ನಾನು ಹಾಗೇ. ಸ್ವಲ್ಪ ಕೂತ್ಕೊಳ್ಳೋಣ."

"ಡ್ರೈವರೇ ನಿದ್ದೆ ಬರ್ತಿದೆ ಅಂದಂಗಾಯ್ತಲ್ಲ ತಾಯಿ" ಎಂದು ಅಜ್ಜ ಗೊಣಗುತ್ತ ಪಕ್ಕದಲ್ಲಿ ಕೂತ.

ಇಬ್ಬರೂ ಉಸಿರಾಡಿದರು. ಅಕ್ಕನ ಉಸಿರು ಮೊದಲು ತುಂಡು ತುಂಡಾಗಿ ಬಂತು. ಅವರು ಅದನ್ನು ತಿದ್ದಲಿಲ್ಲ, ಮುಖ ಮರೆಸಲೂ ಇಲ್ಲ. ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. ಕೊನೆಗೆ ಅಕ್ಕ ಎದ್ದು, ಅಜ್ಜನನ್ನು ನಿಲ್ಲಿಸಿ, ಹಿಡಿರಿ ಎಂದು ಹೇಳಿ, ತಾವು ಮಾತ್ರ ಉಸಿರಾಡುತ್ತಲೇ ಗುಂಡಿ ಒತ್ತಿದರು. ಫಿಲ್ಮಿನಲ್ಲಿ ಪಕ್ಕೆಲುಬುಗಳು ಗೆರೆ ಎಳೆದಂತೆ ಬಂದಿದ್ದವು.

ಮುಖ್ಯಸ್ಥರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದನ್ನ ಮೊದಲೇ ಹೇಳೋಕೇನಾಗಿತ್ತಮ್ಮ?" ಎಂದು ಕೇಳಿ, ಜೊತೆಗೊಬ್ಬ ಸಹಾಯಕಿಯನ್ನು ಹಾಕಿದರು.

ಈಗ ಅಕ್ಕ ಅದೇ ಕೋಣೆಯಲ್ಲಿ ಬೆಳಗಿನ ಪಾಳಿ ಮಾಡುತ್ತಾರೆ. ಎದೆ ಬಿಗಿಯುವುದು ಪೂರ್ತಿ ನಿಂತಿಲ್ಲ. ಬಂದಾಗ ಸಹಾಯಕಿಗೆ ಹೇಳಿ, ಅಲ್ಲೇ ಸ್ಟೂಲಿನ ಮೇಲೆ ಕುಳಿತು ಉಸಿರಾಡಿ, ಮತ್ತೆ ಕೆಲಸಕ್ಕೆ ಏಳುತ್ತಾರೆ.