ಕಚ್ಚಿದ ಗುರುತು ಓದುವ ಮಂಚಮ್ಮ

ಬೆಳಿಗ್ಗೆ ಆರು ಗಂಟೆ. ಪಾಂಡವಪುರ ತಾಲ್ಲೂಕಿನ ಕುರುಚಲು ಕಾಡಿನಲ್ಲಿ ಮಂಚಮ್ಮ ಮೊಣಕಾಲೂರಿ ಕುಳಿತು ಎಲಚಿಯ ಚಿಗುರೊಂದನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದಾರೆ. ತುದಿ ಹರಿದಿದೆ. ಮೇಯ್ದವರು ಯಾರು? ಹತ್ತು ಗಂಟೆಗೆ ಜೆಸಿಬಿ ಬರುತ್ತದೆ. ಉತ್ತರ ಅದಕ್ಕೂ ಮುಂಚೆ ಸಿಗಬೇಕು.

ಇಲ್ಲಿನ ಲಂಟಾನ ಕಳೆಯ ಜೊತೆಗೆ ಎರಡೆಕರೆ ಎಲಚಿ, ಕಾರೆ ಪೊದೆಗಳನ್ನೂ ಕಿತ್ತು, ಜಿಂಕೆಗಳಿಗಾಗಿ ಮೇವಿನ ಸಸಿ ನೆಡುವ ಯೋಜನೆಯಿದೆ. ಹುಲ್ಲು ಒಣಗುವ ಬೇಸಿಗೆಯಲ್ಲಿ ಜಿಂಕೆಗಳ ಜೀವ ಉಳಿಸುವುದೇ ಈ ಪೊದೆಗಳು ಎಂಬುದು ಮಂಚಮ್ಮನ ವಾದ. ತೋರಿಸಿಕೊಡಿ ಎಂದಿದ್ದಾರೆ ವಲಯ ಅರಣ್ಯಾಧಿಕಾರಿ ಶಿವಶಂಕರ್. ಮೂರು ದಿನಗಳಿಂದ ಜಿಂಕೆ ಮೇಯ್ದ ಗಿಡಗಳಿಗೆಲ್ಲ ಮಂಚಮ್ಮ ತಮ್ಮ ಹಳೆಯ ಸೀರೆಯ ಕೆಂಪು ಚೂರು ಕಟ್ಟಿದ್ದಾರೆ. ಒಟ್ಟು ನೂರಾ ಹನ್ನೆರಡು.

ಐವತ್ತೆಂಟರ ಮಂಚಮ್ಮ ಹನ್ನೊಂದು ವರ್ಷಗಳಿಂದ ಇಲ್ಲಿ ದಿನಗೂಲಿ ಕಾವಲುಗಾರ್ತಿ. ದಿನಕ್ಕೆ ಏಳು ಕಿಲೋಮೀಟರ್ ನಡಿಗೆ. ಮೊದಲು ಕುರಿ ಕಾಯುತ್ತಿದ್ದರು. ಗಿಡ ಓದಲು ಕಲಿತದ್ದು ಆಗಲೇ.

"ಮೊಲ ಕಚ್ಚುದ್ರೆ ಕುಡ್ಲಲ್ಲಿ ಕುಯ್ದಂಗಿರ್ತದೆ, ಓರೆಗೆ. ಜಿಂಕೆಗೆ ಮುಂದ್ಗಡೆ ಮೇಲ್ಹಲ್ಲಿಲ್ಲ, ಕಿತ್ಕತದೆ. ನಾರು ನಾರಾಗಿ ನಿಂತದೆ ನೋಡಿ."

ಕುರಿಗೂ ಮೇಲ್ಹಲ್ಲಿಲ್ಲವಲ್ಲ ಎಂದು ಜೊತೆಗಿದ್ದ ನಾನು ಕೇಳಿದರೆ ನಗುತ್ತಾರೆ. "ಅದೇ ಕಣಪ್ಪ ಫಜೀತಿ."

ಮರುಕ್ಷಣವೇ ನಗು ನಿಲ್ಲುತ್ತದೆ. ಮುಳ್ಳಿನಲ್ಲಿ ಕಪ್ಪು ಉಣ್ಣೆಯ ಎಳೆ ಸಿಕ್ಕಿಕೊಂಡಿದೆ. ಪಕ್ಕದ ಗಿಡದಲ್ಲೂ ಇದೆ, ಆ ಮೂಲೆಯುದ್ದಕ್ಕೂ ಇದೆ. ಈ ಕಾಡಿನಲ್ಲಿ ಕುರಿ ಮೇಯಿಸುವಂತಿಲ್ಲ. ಸುತ್ತಮುತ್ತ ಕರಿಕುರಿ ಸಾಕಿರುವವರು ಒಬ್ಬರೇ: ಮಂಚಮ್ಮನ ಮೈದುನ ಚಿಕ್ಕಸ್ವಾಮಿ.

ಎಳೆಗಳನ್ನು ಸೆರಗಿಗೆ ಕಟ್ಟಿಕೊಂಡರೆ ಅಧಿಕಾರಿಗೆ ತಿಳಿಯದು. ಆದರೆ ಅವರ ಬೆರಳುಗಳು ಆ ಮೂಲೆಯ ಗಿಡಗಳ ಕೆಂಪು ಚೂರುಗಳನ್ನೇ ಬಿಚ್ಚತೊಡಗುತ್ತವೆ.

ಒಂಬತ್ತೂವರೆಗೆ ಶಿವಶಂಕರ್ ಬಂದಾಗ ಮಂಚಮ್ಮ ಉಣ್ಣೆ ಹಿಡಿದ ಅಂಗೈ ಚಾಚುತ್ತಾರೆ. "ಸಾ, ಇಲ್ಲಿ ಮೂವತ್ತೊಂದು ಗಿಡ ಮೇಯ್ದಿರೋದು ಜಿಂಕೆಯಲ್ಲ. ನಮ್ ಮೈದುನನ್ ಕುರಿಗಳು."

"ಮನೆಯವ್ರ ಮೇಲೇ ದೂರಾ, ಮಂಚಮ್ಮ?"

"ದಂಡ ಆಕಿ. ಅವ್ನು ಬಯ್ತಾನೆ, ಬಯ್ಲಿ ಬುಡಿ. ಉಳ್ದ ಎಂಬತ್ತೊಂದ್ರಲ್ಲಿ ಒಂದ್ ತಪ್ಪಿದ್ರೆ ತೋರ್ಸಿ."

ಅಧಿಕಾರಿ ಗಿಡದಿಂದ ಗಿಡಕ್ಕೆ ಬಗ್ಗಿ ನೋಡುತ್ತಾರೆ. ಚೂಪು ಗೊರಸಿನ ಹೆಜ್ಜೆ, ಜಿಂಕೆಯ ಹಿಕ್ಕೆ, ಹರಿದ ಚಿಗುರು. ಉಣ್ಣೆ ಎಲ್ಲೂ ಇಲ್ಲ. ಅಷ್ಟರಲ್ಲಿ ಜೆಸಿಬಿ ಗುಡುಗುತ್ತ ಬಂದು ನಿಲ್ಲುತ್ತದೆ.

"ಎಲ್ಲಿಂದ ಶುರು ಅಚ್ಕೊಳ್ಳಿ ಸಾ?" ಚಾಲಕ ತಿಮ್ಮರಾಜು ಕೇಳುತ್ತಾರೆ.

"ಕೆಂಪು ಬಟ್ಟೆ ಇರೋ ಕಡೆ ಹೋಗ್ಬೇಡ. ಆ ಮೂಲೆ, ಮತ್ತೆ ಲಂಟಾನ ಅಷ್ಟೇ."

ಮೂವತ್ತೊಂದು ಗಿಡಗಳು ಬುಡಸಮೇತ ಮೇಲೇಳುವುದನ್ನು ಮಂಚಮ್ಮ ಕದಲದೆ ನೋಡುತ್ತಾರೆ. ನಿಮಗೇನಾದರೂ ಬೇಕೇ ಎಂದು ನಾನು ಕೇಳಿದರೆ, ಅಗೆದ ಮಣ್ಣಿನತ್ತ ಕೈ ತೋರಿಸುತ್ತಾರೆ.

"ಅಲ್ಲಿಗೂ ಎಲಚಿ ಬೀಜನೇ ಆಕ್ಸಿ ಅನ್ನಿ ಸಾಯೇಬ್ರಿಗೆ. ಮೂರ್ ವರ್ಷಕ್ಕೆ ಪೊದೆ ಕಟ್ತದೆ. ಯಾರ್ ಮೇಯ್ತಾರೆ ಅನ್ನೋದ ನಾನ್ ನೋಡ್ಕತೀನಿ."