ಮೊಣಕೈ ಎತ್ತರದ ಹರಿವೆ

ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹಾಕಿದ ನಿರ್ಬಂಧಗಳಿಗೆಲ್ಲ ನಾನು ಜಾಣ ರೋಗಿಯಂತೆ ತಲೆಯಾಡಿಸಿದೆ. ಕುಕ್ಕರಗಾಲಿನಲ್ಲಿ ಇನ್ನು ಕೂರಲೇಬಾರದು ಎಂದಾಗ ಮಾತ್ರ, ದೇರೆಬೈಲಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನೆಲದ ಮೇಲೆ ಸಾಲಾಗಿ ಕುಳಿತಿದ್ದ ಹರಿವೆಯ ಕುಂಡಗಳು ಕಣ್ಣಮುಂದೆ ಬಂದು ಮುಖ ಸಣ್ಣದಾಯಿತು. ಮೂವತ್ತು ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ, ಬೆಳಗಿನ ಒಂದು ಗಂಟೆ ಮಣ್ಣಿನಲ್ಲಿ ಕೈಯಾಡಿಸುವುದೊಂದೇ ನಾನು ಯಾರ ಅಪ್ಪಣೆಗೂ ಕಾಯದೆ ಮಾಡುತ್ತಿದ್ದ ಕೆಲಸ, ನೋಡಿ.

ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಸಾಮಾನು ಮಾರುವ ಅಂಗಡಿಯೊಂದು ಬಿಜೈಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ ಎಂದು ನೆರೆಮನೆಯವರು ಹೇಳಿದಾಗ ಅರೆನಂಬಿಕೆಯಿಂದಲೇ ಊರುಗೋಲು ಊರುತ್ತ ಹೋದೆ. ಒಳಗೆ ಬಿಳಿ ಪೈಪುಗಳ ತೂತುತೂತಿನಿಂದಲೂ ಸೊಪ್ಪು ತಲೆಯೆತ್ತಿತ್ತು. ಎಲ್ಲೋ ಒಂದು ಪುಟ್ಟ ಪಂಪು ತನ್ನಷ್ಟಕ್ಕೆ ಗುನುಗುತ್ತಿತ್ತು. ಅಂಗಡಿಯ ನಜೀರ್ ನಲವತ್ತರ ಆಸುಪಾಸಿನ ಬ್ಯಾರಿ ಮುಸ್ಲಿಮರು. ಗಲ್ಫಿನ ಮರಳುಗಾಡಿನ ಹಸಿರುಮನೆಗಳಲ್ಲಿ ವರ್ಷಗಟ್ಟಲೆ ಸೌತೆ, ಟೊಮೆಟೊ ಬೆಳೆಸಿ ಊರಿಗೆ ಮರಳಿದವರು. ಇವರೀಗ ದೊಡ್ಡದೊಂದು ಸೆಟ್ ತೋರಿಸಿ ಮರುಳು ಮಾಡುತ್ತಾರೆಂದು ನಾನು ಕಾದಿದ್ದರೆ, ಅವರು ಕೇಳಿದ್ದೇ ಬೇರೆ.

“ಬಾಯಮ್ಮ, ಒಮ್ಮೆ ನೆಟ್ಟಗೆ ನಿಂತು ಸೊಪ್ಪು ಕೊಯ್ಯುವ ಹಾಗೆ ಮಾಡಿ, ನೋಡುವ.”

ನಮ್ಮೂರಲ್ಲಿ ಕ್ರೈಸ್ತ ಹೆಂಗಸರೆಲ್ಲ ಬಾಯಮ್ಮಂದಿರೇ. ನಾನು ಗಾಳಿಯಲ್ಲಿ ಸೊಪ್ಪು ಕೊಯ್ದೆ. ಅವರು ದರ್ಜಿಯಂತೆ ಟೇಪು ಹಿಡಿದು ಮೊಣಕೈಯಿಂದ ನೆಲದವರೆಗೆ ಅಳೆದರು. ನನ್ನ ಕಾಲು ಬಗ್ಗದಿದ್ದರೆ ಪೈಪು ಕೂರಿಸುವ ಸ್ಟ್ಯಾಂಡಿನ ಕಾಲೇ ತಗ್ಗಲಿ ಎಂಬಂತೆ ಅದರ ನಾಲ್ಕೂ ಕಾಲುಗಳನ್ನು ಅಷ್ಟಕ್ಕೇ ಕತ್ತರಿಸಿದರು. ಆಮೇಲೆ ಎರಡು ಬಾಟಲಿ ಗೊಬ್ಬರದ ದ್ರಾವಣ ಮುಂದಿಟ್ಟು, ಎಷ್ಟು ನೀರಿಗೆ ಎಷ್ಟೆಂದು ಅಳತೆ ಹೇಳಿದರು.

“ಇವೆರಡನ್ನು ಸೀದಾ ಒಟ್ಟಿಗೆ ಸೇರಿಸಬಾರದು. ಒಂದನ್ನು ನೀರಿಗೆ ಹಾಕಿ ಕಲಸಿ, ಮತ್ತೆ ಇನ್ನೊಂದು. ಇಲ್ಲದಿದ್ರೆ ಸುಣ್ಣದ ಹಾಗೆ ಅಡಿಯಲ್ಲಿ ಕೂತ್ಕೊಳ್ತದೆ, ಬೇರಿಗೆ ಎಂತದೂ ಸಿಗುವುದಿಲ್ಲ.”

ಒಂದೇ ಡ್ರಿಪ್ಪಿನಲ್ಲಿ ಕೂಡಬಾರದ ಔಷಧಿಗಳನ್ನು ಕೂಡದಂತೆ ಕಾಯುತ್ತಲೇ ಆಯುಷ್ಯ ಕಳೆದವಳು ನಾನು. ಇವರು ನಮ್ಮ ಕಸುಬಿನವರೇ ಎಂದು ಒಳಗೊಳಗೆ ಮೆಚ್ಚಿದೆ.

ಆದರೆ ಆ ಮೆಚ್ಚುಗೆಗೆ ತಕ್ಕಂತೆ ನಾನು ನಡೆದುಕೊಳ್ಳಲಿಲ್ಲ. ಸೆಟ್ ಬಾಲ್ಕನಿಗೆ ಬಂದು ಎರಡು ವಾರ ಕಳೆದರೂ ಕೆಂಪು ಹರಿವೆಯ ಸಸಿಗಳು ಹೆಬ್ಬೆರಳುದ್ದವೇ ಉಳಿದದ್ದನ್ನು ಕಂಡು ತಾಳ್ಮೆಗೆಟ್ಟು, ಹೇಳಿದ ಅಳತೆಯ ಎರಡರಷ್ಟು ದ್ರಾವಣ ಸುರಿದೆ. ನಾಲ್ಕು ದಿನದಲ್ಲಿ ಎಲೆಗಳ ಅಂಚು ಬೆಂಕಿ ಸೋಕಿದಂತೆ ಕರಟಿತು. ಒಂದು ಸಸಿಯನ್ನೂ ಪೈಪುಗಳಿಗೆ ನೀರು ಹರಿಸುವ ಟ್ಯಾಂಕಿನಿಂದ ಒಂದು ಬಾಟಲಿ ನೀರನ್ನೂ ಚೀಲದಲ್ಲಿಟ್ಟುಕೊಂಡು ಮತ್ತೆ ಬಿಜೈಗೆ ಹೋದೆ.

“ನೀವು ಹೇಳಿದಷ್ಟೇ ಹಾಕಿದ್ದು,” ಎಂದೆ. ಅರವತ್ತು ದಾಟಿದ ಬಾಯಿಂದಲೂ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ!

ನಜೀರ್ ಬೇರನ್ನು ಅಂಗೈಯಲ್ಲಿ ಹರಡಿ ನೋಡಿದರು. ನೀರಿನಲ್ಲಿ ಗೊಬ್ಬರ ಎಷ್ಟಿದೆಯೆಂದು ತೋರಿಸುವ ಪೆನ್ನಿನಂಥ ಮೀಟರನ್ನು ಬಾಟಲಿಯ ನೀರಿಗೆ ಅದ್ದಿದರು. ಅಂಕಿಯನ್ನು ನೋಡಿದರು, ನನ್ನ ಮುಖವನ್ನು ನೋಡಲಿಲ್ಲ.

“ತಪ್ಪು ನನ್ನದು ಬಾಯಮ್ಮ. ಬಾಯಲ್ಲಿ ಹೇಳಿದೆ, ಬರೆದು ಕೊಡ್ಲಿಲ್ಲ. ಎರಡು ದಿನ ಬರೀ ನೀರು ಕೊಡಿ, ಬದುಕ್ತದೆ.”

ಆ ತಪ್ಪನ್ನು ಅವರ ಹೆಗಲ ಮೇಲೆಯೇ ಬಿಟ್ಟು ಹೊರಡಬಹುದಿತ್ತು. ಬಾಗಿಲವರೆಗೆ ಹೋದದ್ದೂ ಹೌದು. ಅಲ್ಲಿಂದ ಮುಂದೆ ಹೋಗಲಾಗದೆ ತಿರುಗಿ ಬಂದೆ.

“ಡಬಲ್ ಹಾಕಿದ್ದೆ ನಜೀರ್. ಸುಳ್ಳು ಹೇಳಿದೆ.”

“ಗೊತ್ತಾಯ್ತು. ಮೀಟರ್ ಹೇಳ್ತದಲ್ಲ.”

“ಮತ್ತೆ ನಿಮ್ಮ ತಪ್ಪು ಅಂತ ಯಾಕೆ ಹೇಳಿದ್ದು ಮಾರಾಯ್ರೆ?”

“ಗಿಡ ಹಾಳಾದವರು ಹೆಚ್ಚಿನವರು ತಿರುಗಿ ಬರುವುದಿಲ್ಲ ಬಾಯಮ್ಮ. ನಾಚಿಕೆ ಆಗ್ತದೆ. ಸ್ಟ್ಯಾಂಡ್ ಮೂಲೆಗೆ ಹಾಕಿ ಸುಮ್ಮನಾಗ್ತಾರೆ. ನೀವು ಬಂದಿರಲ್ಲ. ಬಂದವರಿಗೆ ನಾನು ಬೈದ್ರೆ ಹೇಗೆ?”

ರಿಕ್ಷಾದಲ್ಲಿ ಮನೆಗೆ ಬರುವಾಗ ನನಗೆ ನೆನಪಾದದ್ದು, ಮಾತ್ರೆ ತಪ್ಪದೆ ನುಂಗುತ್ತಿದ್ದೇನೆಂದು ಹೇಳಿಕೊಂಡು ಬರುತ್ತಿದ್ದ ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸು. ರಕ್ತದ ವರದಿ ಹಿಡಿದುಕೊಂಡು, ಸಾಲಿನಲ್ಲಿದ್ದವರೆಲ್ಲರೆದುರು ಅವಳ ಸುಳ್ಳನ್ನು ನಾನು ಬಯಲು ಮಾಡಿದ್ದೆ. ಅದನ್ನು ಕರ್ತವ್ಯನಿಷ್ಠೆ ಎಂದೂ ತಿಳಿದಿದ್ದೆ. ಅವಳು ಮತ್ತೆ ಆಸ್ಪತ್ರೆಯ ಕಡೆ ಬರಲಿಲ್ಲ. ಏಕೆ ಬರಲಿಲ್ಲವೆಂದು ನಾನು ಯೋಚಿಸಿದ್ದು, ಗೆಳೆಯರೇ, ಇಷ್ಟು ವರ್ಷಗಳ ಮೇಲೆ ಆ ರಿಕ್ಷಾದಲ್ಲಿ. ಅಂಕಿ ಓದಲು ನಜೀರೂ ಬಲ್ಲರು, ನಾನೂ ಬಲ್ಲೆ. ಓದಿದ ಮೇಲೆ ಎದುರಿಗಿರುವವರಿಗೆ ಏನು ಹೇಳಬೇಕೆಂಬುದು ಮಾತ್ರ ಅವರೊಬ್ಬರಿಗೇ ತಿಳಿದಿತ್ತು.

ಎರಡು ದಿನ ಬರೀ ನೀರು ಕುಡಿದ ಸಸಿಗಳು ಮೂರನೆಯ ದಿನ ನಡುವಿನಿಂದ ಹೊಸ ಎಲೆ ಬಿಟ್ಟವು. ತಿಂಗಳೊಳಗೆ ಬಾಲ್ಕನಿ ಕೆಂಪಾಯಿತು. ನಿಂತಲ್ಲೇ ನಿಂತು, ಸೊಂಟ ಬಗ್ಗಿಸದೆ, ಎರಡು ಸಲ ಕೊಯ್ದೆ. ಒಮ್ಮೆ ಪಲ್ಯ, ಒಮ್ಮೆ ಹಲಸಿನ ಬೀಜ ಹಾಕಿ ಸಾಂಬಾರು.

ಮೂರನೆಯ ಸಲ ಅಂಗಡಿಯ ಮೆಟ್ಟಿಲು ಹತ್ತಿದಾಗ ನಜೀರ್ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು, ಮೀಟರಿಗೂ ಕೈ ಹಾಕಿದರು.

“ಎಂತ ಬಾಯಮ್ಮ, ಪುನಃ ಗಿಡಕ್ಕೆ ಎಂತಾಯ್ತು?”

“ಎಂತದೂ ಆಗ್ಲಿಲ್ಲ ಮಾರಾಯ್ರೆ,” ಎಂದೆ. “ತಿಂದು ಮುಗೀತು. ಬೀಜ ಕೊಡಿ.”